ಹೊಲಿಗೆ ಟೀಚರ್ ಮತ್ತು ಏಳು ಕಂಪ್ಯೂಟರ್

ನಮ್ಮ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದೆವು. ಅಡುಗೆಮನೆಯ ಗೋಡೆಯಾಚೆ ಅಪ್ಪನ ನಾಲ್ಕು ಪವರ್‌ಲೂಮುಗಳಿದ್ದವು. ಬೆಳಿಗ್ಗೆ ಅವು ಶುರುವಾದರೆ ಗೋಡೆಯ ಮಾಡದಲ್ಲಿಟ್ಟ ತಾಟುಗಳು ಸಣ್ಣಗೆ ನಡುಗುತ್ತಿದ್ದವು, ತಂಬಿಗೆಯ ನೀರಿನ ಮೇಲೆ ತೆಳು ಗೆರೆಗಳು ಏಳುತ್ತಿದ್ದವು. ಬನಹಟ್ಟಿಯ ನಮ್ಮ ಓಣಿಯಲ್ಲಿ ಎಲ್ಲ ಮನೆಗಳೂ ಹೀಗೆಯೇ, ಅರ್ಧ ಮಗ್ಗ, ಅರ್ಧ ಸಂಸಾರ. ಉಪ್ಪು ಬೇಕೆಂದರೂ ದನಿ ಏರಿಸಬೇಕು. ಅಪ್ಪನಿಗೆ ಆ ಸದ್ದಿನಲ್ಲೇ ಕಿವಿ ಮಂದವಾಗಿ, ಕರೆಂಟು ಹೋದ ಮೇಲೂ ಅವನು ಕೂಗುತ್ತಲೇ ಇರುತ್ತಿದ್ದ. ಮಗ್ಗಗಳು ಒಮ್ಮೆಲೇ ನಿಂತಾಗ ಅರ್ಧಕ್ಕೆ ಬಂದ ಮಾತು ಇಡೀ ಓಣಿಗೆ ಕೇಳಿಸಿಬಿಡುತ್ತಿತ್ತು. ಆಯಿ, ಅಂದರೆ ನನ್ನ ಅಪ್ಪನ ತಾಯಿ, ಅವ್ವನ ಮೇಲೆ ಹೇಳಿಕೊಂಡ ಎಷ್ಟೋ ದೂರುಗಳು ಹಾಗೆಯೇ ಆಚೆಮನೆಗೆ ತಲುಪಿದ್ದವು.

ಆ ಮನೆಯಲ್ಲಿ ಅವ್ವನದು ಪಡಸಾಲೆಯ ಮೂಲೆ. ಅಲ್ಲಿ ಅವಳ ಕಾಲಿನ ಹೊಲಿಗೆ ಯಂತ್ರವಿತ್ತು. ಅವ್ವ ನಾನು ಓದುತ್ತಿದ್ದ ಹುಡುಗಿಯರ ಹೈಸ್ಕೂಲಿನಲ್ಲಿಯೇ ಹೊಲಿಗೆ ಟೀಚರ್. ಕಾಜಾ, ಗುಂಡಿ, ಲಂಗದ ನೆರಿಗೆ, ಪರೀಕ್ಷೆಗೆ ಬಾರದ ವಿಷಯಗಳು. ಬೇರೆ ಟೀಚರುಗಳು ಪಾಠ ಮುಗಿಯದಿದ್ದರೆ ಹೊಲಿಗೆಯ ಅವಧಿಯನ್ನು ಕೇಳಿ ಪಡೆಯುತ್ತಿದ್ದರು, ಅವ್ವ ಕೊಟ್ಟುಬಿಡುತ್ತಿದ್ದಳು. ಮನೆಯಿಂದ ಶಾಲೆಯ ತನಕ ನಾವಿಬ್ಬರೂ ಜೊತೆಗೇ ನಡೆದು ಹೋಗುತ್ತಿದ್ದೆವು. ಗೇಟಿನ ಹತ್ತಿರ ಅವಳು ಮುಂದೆ, ನಾನು ಹಿಂದೆ. ಒಳಗೆ ನಾನು ಅವಳನ್ನು ಟೀಚರ್ ಎನ್ನಬೇಕು, ಅವಳು ನನ್ನನ್ನು ಹಾಜರಿ ಪುಸ್ತಕದ ಪೂರ್ತಿ ಹೆಸರಿನಿಂದ ಕರೆಯಬೇಕು. ಸಂಜೆ ಗೇಟು ದಾಟಿದ ಮೇಲೆ ನಾನು ಮತ್ತೆ ಸವ್ವಿ ಆಗುತ್ತಿದ್ದೆ.

ನಾನು ಎಂಟನೇ ತರಗತಿಯಲ್ಲಿದ್ದಾಗ ಶಾಲೆಗೆ ಏಳು ಕಂಪ್ಯೂಟರುಗಳು ಬಂದವು. ಟೆಂಪೋದಿಂದ ಪೆಟ್ಟಿಗೆ ಇಳಿಸುವುದನ್ನು ನೋಡಲು ಪಾಠ ಬಿಟ್ಟು ಎಲ್ಲರೂ ಜಗಲಿಗೆ ಬಂದಿದ್ದೆವು. ಅವುಗಳ ಜೊತೆ ಕಲಿಸುವವರು ಯಾರೂ ಬರಲಿಲ್ಲ. ಗಣಿತದವರು ತಮಗೆ ಪೋರ್ಶನ್ ಇದೆ ಎಂದರು, ವಿಜ್ಞಾನದವರು ತಮಗೆ ಪ್ರಯೋಗಾಲಯ ಇದೆ ಎಂದರು. ಕೊನೆಗೆ ಹೆಡ್‌ಮಾಸ್ತರು ಅವ್ವನನ್ನು ಕರೆದು, ಹೇಗೂ ನಿಮಗೆ ಯಂತ್ರ ನಡೆಸಿ ರೂಢಿಯಿದೆ ಎಂದು ಲ್ಯಾಬಿನ ಕೀಲಿ ಕೈಗೆ ಕೊಟ್ಟರು. ಜಮಖಂಡಿಯಲ್ಲಿ ಹತ್ತು ದಿನ ತರಬೇತಿ ಆಯಿತು. ಅವ್ವ ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದಳು, ಬಂದು ಹೊಲಿಗೆ ಯಂತ್ರದ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಅಂದು ಹೇಳಿದ್ದನ್ನೆಲ್ಲ ದುಂಡಗೆ ಬರೆದುಕೊಳ್ಳುತ್ತಿದ್ದಳು. ಮೊದಲು ಗೋಡೆಯ ಸ್ವಿಚ್ಚು, ಆಮೇಲೆ ಕೆಳಗಿನ ಪೆಟ್ಟಿಗೆಯ ಗುಂಡಿ, ಆಮೇಲೆ ಪರದೆಯ ಗುಂಡಿ. ರವಿಕೆ ಕತ್ತರಿಸುವ ಅಳತೆಗಳನ್ನು ಬರೆದಂತೆಯೇ, ಒಂದರ ಕೆಳಗೆ ಒಂದು, ಅಂಕಿ ಹಾಕಿ.

ನನಗೆ ಆ ಹೊತ್ತಿಗಾಗಲೇ ಕಂಪ್ಯೂಟರ್ ಬರುತ್ತಿತ್ತು. ಅಪ್ಪನ ತಮ್ಮ, ನನ್ನ ಕಾಕಾ, ಪೇಟೆಯಲ್ಲಿ ಸೀರೆ ಡಿಸೈನಿನ ಅಂಗಡಿ ಇಟ್ಟಿದ್ದ. ಮೊದಲು ಚೌಕಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆಯುತ್ತಿದ್ದ ದಡಿ, ಸೆರಗುಗಳನ್ನು ಈಗ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದ. ಒಂದು ಚೌಕಳಿ ಅಂದರೆ ಒಂದು ಎಳೆ. ರವಿವಾರ ನಾನು ಅವನಿಗೆ ಬುತ್ತಿ ಒಯ್ದರೆ ಅವನು ಉಣ್ಣುವ ತನಕ ಕುರ್ಚಿ ನನ್ನದು. ಮೊದಮೊದಲು ನಾನು ಹೆದರಿ ಬೆರಳು ಎತ್ತಿಕೊಂಡು ಕುಳಿತಿರುತ್ತಿದ್ದೆ. ಕಾಕಾ ರೊಟ್ಟಿ ಮುರಿಯುತ್ತ ಹೇಳುತ್ತಿದ್ದ:

"ಒತ್ತು ಬೇ. ಏನೂ ಕೆಡಂಗಿಲ್ಲ ಅದು. ತಪ್ಪಿದ್ರ ಹಿಂದಕ್ಕ ಬಂದ್ರಾತು."

ಎರಡು ವರ್ಷ ಹೀಗೆ ಒತ್ತಿ, ತಪ್ಪಿ, ಹಿಂದಕ್ಕೆ ಬಂದು ನಾನು ನವಿಲಿನ ದಡಿ ಬರೆಯುವುದನ್ನು ಕಲಿತೆ, ಕನ್ನಡ ಟೈಪು ಮಾಡುವುದನ್ನು ಕಲಿತೆ. ಕಾಕಾ ಇಂಟರ್ನೆಟ್ಟಿನಲ್ಲಿ ಬೇರೆ ಊರಿನ ಡಿಸೈನುಗಳನ್ನು ಹುಡುಕುವುದನ್ನು ಬದಿಗೆ ನಿಂತು ನೋಡಿ ಅದನ್ನೂ ಕಲಿತೆ.

ಶಾಲೆಯ ಲ್ಯಾಬಿನಲ್ಲಿ ಮಾತ್ರ ಎಲ್ಲವೂ ಕೆಡುವಂಥದ್ದಾಗಿತ್ತು. ಅವ್ವ ಮನೆಯಲ್ಲಿ ಉಳಿದ ಸೀರೆ ಬಟ್ಟೆಯಿಂದ ಏಳು ಪರದೆಗಳಿಗೂ ಏಳು ಪೆಟ್ಟಿಗೆಗಳಿಗೂ ಮುಸುಕು ಹೊಲಿದಿದ್ದಳು, ಅಂಚಿಗೆ ಪೈಪಿಂಗ್ ಕೂಡ ಕೊಟ್ಟಿದ್ದಳು. ಚಪ್ಪಲಿ ಹೊರಗೆ ಬಿಡಬೇಕು, ಕೈ ತೊಳೆದು ಒರೆಸಿಕೊಳ್ಳಬೇಕು. ನಲವತ್ತು ನಿಮಿಷದ ಅವಧಿಯಲ್ಲಿ ಮುಸುಕು ತೆಗೆದು ಮಡಿಚಿಡುವುದಕ್ಕೇ ಹತ್ತು ನಿಮಿಷ ಹೋಗುತ್ತಿತ್ತು. ಆಮೇಲೆ ಅವ್ವ ನೋಟ್‌ಬುಕ್ ತೆರೆದು ಹೇಳಿ ಬರೆಸುತ್ತಿದ್ದಳು, ನಾವು ಕತ್ತಲೆ ಪರದೆಗಳ ಮುಂದೆ ಕುಳಿತು ಬರೆದುಕೊಳ್ಳುತ್ತಿದ್ದೆವು. ಕಂಪ್ಯೂಟರ್ ಎಂದರೇನು? ಅದರ ಭಾಗಗಳು ಯಾವುವು? ಕೊನೆಯ ಹತ್ತು ನಿಮಿಷ ಒಂದೊಂದಕ್ಕೆ ಆರಾರು ಜನ ಮುತ್ತಿಕೊಂಡು, ಒಬ್ಬಳು ಮೌಸ್ ಹಿಡಿದು ರಾಷ್ಟ್ರಧ್ವಜ ಬರೆಯಬೇಕು. ಎಂಟನೇ ತರಗತಿಯಲ್ಲಿ ಧ್ವಜ ಬರೆದೆವು. ಒಂಬತ್ತಕ್ಕೆ ಬಂದ ಮೇಲೂ ಅದೇ ಧ್ವಜ. ಇಂಟರ್ನೆಟ್ಟಿನ ವೈರು ಗೋಡೆಯ ತನಕ ಬಂದಿತ್ತು. ಹೆಡ್‌ಮಾಸ್ತರರ ಅಪ್ಪಣೆಯಂತೆ ಅದರ ತುದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಸುತಳಿಯಿಂದ ಬಿಗಿದು, ಮೊಳೆಗೆ ತೂಗುಹಾಕಿದ್ದರು.

ಇದನ್ನು ಎಲ್ಲರಿಗಿಂತ ಹೆಚ್ಚು ಸಹಿಸದವಳು ನನ್ನ ಪಕ್ಕದಲ್ಲಿ ಕೂರುತ್ತಿದ್ದ ಮಾಯವ್ವ. ಊರಿನ ಅಂಚಿನಲ್ಲಿ ಅವರ ಮನೆ, ಕುರಿ ಸಾಕುವವರು. ಮನೆತನದಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಉಳಿದವರು ಒಳಗೊಳಗೇ ಗೊಣಗುತ್ತಿದ್ದರೆ ಮಾಯವ್ವ ಎದ್ದು ನಿಂತು ಕೇಳುತ್ತಿದ್ದಳು.

"ಟೀಚರ್, ಆ ವೈರ್ ಬಿಚ್ಚ್ರಿ. ಒಂದ ಸಲ ಇಂಟರ್ನೆಟ್ ನೋಡ್ತೇವ್ರಿ."

"ಅದು ಹೆಡ್‌ಮಾಸ್ತರ್ನ ಕೇಳಬೇಕು."

"ಕೇಳ್ರಿ ಮತ್ತ."

"ಕೇಳೇನಿ. ಹುಡುಗ್ಯಾರ ಕೈಯಾಗ ಬ್ಯಾಡ ಅಂದಾರ."

ಹುಡುಗಿಯರು ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಗುತ್ತಿದ್ದರು. ಆಯುಧಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ದಿನ ಅವ್ವ ಏಳೂ ಪೆಟ್ಟಿಗೆಗಳಿಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದಾಗಲೂ ನಕ್ಕರು. ಯಾವುದನ್ನಾದರೂ ಮುಟ್ಟದೆ ಪೂಜಿಸುವುದೆಂದರೆ ಹೊಲಿಗೆ ಟೀಚರಿಗೆ ಇಷ್ಟವಂತೆ ಎಂದು ಯಾರೋ ಅಂದರು. ನಾನೂ ನಕ್ಕೆ. ನಗದಿದ್ದರೆ ನಾನು ಅವಳ ಮಗಳಾಗಿಬಿಡುತ್ತಿದ್ದೆ.

ಮನೆಯಲ್ಲಿ ಅವ್ವ ಸೀರೆ ಡಬ್ಬಿಯ ರಟ್ಟಿನ ಮೇಲೆ ಸ್ಕೇಲು ಹಿಡಿದು ಕೀಬೋರ್ಡ್ ಬರೆದುಕೊಂಡಿದ್ದಳು. ಸಂಜೆ ಅನ್ನಕ್ಕೆ ಇಟ್ಟು, ಅದು ಕುದಿಯುವ ತನಕ ಪಡಸಾಲೆಯಲ್ಲಿ ಕುಳಿತು ಆ ರಟ್ಟಿನ ಮೇಲೆ ಬೆರಳು ಆಡಿಸುತ್ತಿದ್ದಳು. ಏಳು ಕಂಪ್ಯೂಟರುಗಳ ಕೀಲಿ ಸೊಂಟದಲ್ಲಿ ಇಟ್ಟುಕೊಂಡು ರಟ್ಟಿನ ಮೇಲೆ ಯಾಕೆ ಎಂದು ನನಗೆ ಮೈ ಉರಿಯುತ್ತಿತ್ತು. ಏನಾದರೂ ಕೆಟ್ಟರೆ ನೀವೇ ಉತ್ತರ ಕೊಡಬೇಕು ಎಂದು ಅವಳಿಗೆ ಮೊದಲ ದಿನವೇ ಹೆಡ್‌ಮಾಸ್ತರು ಹೇಳಿದ್ದರಂತೆ. ಆಯಿ ಹೊಸ್ತಿಲ ಬಳಿ ಕಾಳು ಆರಿಸುತ್ತ ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು:

"ರಟ್ಟಿನ ಮ್ಯಾಲ ಬೆರಳ ಬಡದ್ರ ಹೊಟ್ಟಿ ತುಂಬತೈತೇನು. ಕಂಡಿಕಿಗೆ ನೂಲ ಸುತ್ತಿದ್ರ ಒಂದ ಸೀರಿ ಆಗ್ತಿತ್ತು."

ಅವ್ವ ಒಮ್ಮೆ ನನ್ನನ್ನು ಕೇಳಿದ್ದಳು. ಅದನ್ನು ಇಲ್ಲಿ ಬರೆಯಲೇಬೇಕು. ನಾನು ಪಡಸಾಲೆಯಲ್ಲಿ ಕುಳಿತು ಗಣಿತ ಮಾಡುತ್ತಿದ್ದೆ. ಅವಳು ಸೂಜಿಗೆ ದಾರ ಪೋಣಿಸುತ್ತ, ನನ್ನ ಕಡೆ ನೋಡದೆ, ಮಗ್ಗದ ಸದ್ದಿಗೆ ಕೇಳಿಯೂ ಕೇಳದ ಹಾಗೆ ಕೇಳಿದಳು:

"ಸವ್ವಿ, ಫೈಲ್ ಒಳಗ ಇನ್ನೊಂದ ಫೈಲ್ ಹೆಂಗ ಇಡೂದು? ನೀ ಕಾಕಾನ ಅಂಗಡ್ಯಾಗ ಮಾಡ್ತಿಯಲ."

"ಅದು ಫೋಲ್ಡರ್ ಬೇ, ಫೈಲ್ ಅಲ್ಲ. ಅಷ್ಟೂ ತಿಳಿಯಂಗಿಲ್ಲಂದ್ರ ಕಲಸೂದರ ಯಾಕ?"

ದಾರ ಸೂಜಿಯ ಕಣ್ಣಿನಲ್ಲಿ ಹೋಯಿತು. ಅವಳು ಪಾದ ಆಡಿಸಿ ಹೊಲಿಗೆ ಶುರು ಮಾಡಿದಳು. ಮತ್ತೆ ಎಂದೂ ಕೇಳಲಿಲ್ಲ.

ಒಂಬತ್ತನೇ ತರಗತಿಯ ದಸರಾ ರಜೆ ಮುಗಿದ ಮೇಲೆ ಶಾಲೆಗಳಿಗೆಲ್ಲ ಒಂದು ಸುತ್ತೋಲೆ ಬಂತು. ಮುಧೋಳದಲ್ಲಿ ಸ್ಪರ್ಧೆ. ಮಕ್ಕಳು ತಮ್ಮ ಸುತ್ತಲಿನ ಒಂದು ವಿಷಯವನ್ನು ಕಂಪ್ಯೂಟರಿನಲ್ಲಿ ಸ್ಲೈಡುಗಳಾಗಿ ಮಾಡಿ ವಿವರಿಸಬೇಕು. ಶಾಲೆಯ ಲ್ಯಾಬಿನಲ್ಲಿಯೇ ಮಾಡಿರಬೇಕು, ಲ್ಯಾಬ್ ಟೀಚರ್ ಸಹಿ ಇರಬೇಕು. ಮಾಯವ್ವನ ಚಿಗವ್ವನ ಮನೆ ತುಬಚಿಯಲ್ಲಿತ್ತು. ಕೃಷ್ಣಾ ನದಿಯ ನೀರನ್ನು ಎತ್ತಿ ಮೇಲಿನ ಒಣ ಹೊಲಗಳಿಗೆ ಹರಿಸುವ ಕೆಲಸವನ್ನು ಅವಳು ರಜೆಯಲ್ಲಿ ಹೋದಾಗಲೆಲ್ಲ ನೋಡಿ ಬಂದಿದ್ದಳು. ನೀರು ಹೇಗೆ ದಿಬ್ಬ ಹತ್ತುತ್ತದೆ ಎಂಬುದನ್ನು ಹನ್ನೊಂದು ಹಾಳೆಗಳಲ್ಲಿ, ಪ್ರತಿ ಹಾಳೆಗೂ ಪರದೆಯ ಆಕಾರದ ಚೌಕಟ್ಟು ಹಾಕಿ, ಬಣ್ಣದ ಪೆನ್ಸಿಲಿನಲ್ಲಿ ಬರೆದುಕೊಂಡು ಬಂದಳು. ನದಿ, ಪಂಪಿನ ಮನೆ, ಪೈಪು, ಕಾಲುವೆ. ಕೊನೆಯ ಹಾಳೆಯಲ್ಲಿ ಕಾಲುವೆಯ ದಂಡೆಗೆ ನೀರು ಕುಡಿಯುತ್ತಿದ್ದ ಅವರ ಕುರಿಗಳು. ಲ್ಯಾಬಿನ ಅವಧಿಯಲ್ಲಿ ಅದನ್ನು ಅವ್ವನ ಮೇಜಿನ ಮೇಲೆ ಹರಡಿ ನಿಂತಳು. ಅವ್ವ ಒಂದೊಂದನ್ನೂ ತಿರುವಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಛಲೋ ಬರದಿ. ಆದ್ರ ಸ್ಲೈಡು ನಮ್ಮ ಪಾಠದಾಗ ಇಲ್ಲ."

"ಕಂಪ್ಯೂಟರ್ನ್ಯಾಗ ಐತ್ರಿ ಟೀಚರ್."

"ಇರಬಹುದು. ನಮ್ಮ ಪಾಠದಾಗ ಇಲ್ಲ."

ನಾನು ಕೈ ಎತ್ತಿದೆ.

"ಟೀಚರ್, ನನಗ ಬರ್ತೈತ್ರಿ. ನಾ ತೋರಸ್ತೇನಿ."

ಅವ್ವನ ಮುಖ ಕಿವಿಯ ತನಕ ಕೆಂಪಾಯಿತು.

"ಸವಿತಾ, ಕೂಡು," ಎಂದಳು.

ಎಲ್ಲರೂ ನಕ್ಕರು. ಅವರು ಅವಳನ್ನು ನೋಡಿ ನಕ್ಕರೋ ನನ್ನನ್ನು ನೋಡಿ ನಕ್ಕರೋ ಗೊತ್ತಾಗಲಿಲ್ಲ. ಮಾಯವ್ವ ಹಾಳೆಗಳನ್ನು ಒಂದುಗೂಡಿಸಿ, ಅಂಚು ಸರಿಮಾಡಿ, ಚೀಲಕ್ಕೆ ಹಾಕಿಕೊಂಡಳು. ನಮ್ಮ ಶಾಲೆಯಿಂದ ಮುಧೋಳಕ್ಕೆ ಯಾರೂ ಹೋಗಲಿಲ್ಲ.

ದೂರು ಬರೆಯೋಣ ಎಂದವಳು ಮಾಯವ್ವ, ಬರೆದವಳು ನಾನು. ಆ ರವಿವಾರ ಕಾಕಾ ಉಣ್ಣುತ್ತಿದ್ದಾಗ, ಶಾಲೆಯ ಪ್ರಬಂಧ ಎಂದು ಸುಳ್ಳು ಹೇಳಿ, ಶಿಕ್ಷಣ ಇಲಾಖೆಯ ಸಾಹೇಬರಿಗೆ ಒಂದು ಪುಟ ಟೈಪು ಮಾಡಿದೆ. ಇಂಟರ್ನೆಟ್ ವೈರನ್ನು ಚೀಲದಲ್ಲಿ ಕಟ್ಟಿಟ್ಟಿದ್ದಾರೆ. ಎರಡು ವರ್ಷದಿಂದ ಧ್ವಜ ಬರೆಸುತ್ತಿದ್ದಾರೆ. ಕಲಿಸುವವರಿಗೆ ಕಂಪ್ಯೂಟರ್ ಬರುವುದಿಲ್ಲ, ಅವರಿಗೆ ಗೊತ್ತಿರುವುದು ತರಬೇತಿಯಲ್ಲಿ ಬರೆದುಕೊಂಡ ಹನ್ನೆರಡು ಪುಟ ಮಾತ್ರ. ಕೆಳಗೆ ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯರು ಎಂದು ಬರೆದೆ, ಹೆಸರು ಹಾಕಲಿಲ್ಲ. ಬರೆಯುವಾಗ ನನಗೆ ಏನನ್ನಿಸಿತು ಎಂದು ಈಗ ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಕಾಗುಣಿತ ತಪ್ಪಾಗಬಾರದು ಎಂದು ಎರಡು ಸಲ ಓದಿದ್ದು ನೆನಪಿದೆ. ಸೋಮವಾರ ಮಾಯವ್ವ ಅದನ್ನು ಅಂಚೆ ಡಬ್ಬಿಗೆ ಹಾಕಿದಳು.

ಸಾಹೇಬರು ಬಂದದ್ದು ಒಂದು ಶನಿವಾರ, ನಮ್ಮ ಲ್ಯಾಬಿನ ಅವಧಿಯಲ್ಲಿಯೇ. ಗದರುವ ಮನುಷ್ಯರಲ್ಲ. ಕುರ್ಚಿ ಎಳೆದುಕೊಂಡು ಹಿಂದೆ ಕುಳಿತರು. ಹೆಡ್‌ಮಾಸ್ತರು ಬಾಗಿಲಲ್ಲಿ ನಿಂತಿದ್ದರು. ಸಾಹೇಬರು ಮೊಳೆಗೆ ತೂಗುತ್ತಿದ್ದ ಚೀಲವನ್ನು ನೋಡಿದರು, ಮುಸುಕುಗಳನ್ನು ನೋಡಿದರು. ಆಮೇಲೆ ಅವ್ವನಿಗೆ ಮೆಲ್ಲಗೆ ಹೇಳಿದರು:

"ಟೀಚರ್, ಒಂದ ರಜಾ ಚೀಟಿ ಟೈಪ್ ಮಾಡಿ ಸೇವ್ ಮಾಡಿ ತೋರಸ್ರಿ. ಅವಸರಿಲ್ಲ."

ಅವ್ವ ಮೊದಲ ಕಂಪ್ಯೂಟರಿನ ಮುಸುಕು ತೆಗೆದು ಮಡಿಚಿಟ್ಟಳು. ಗೋಡೆಯ ಸ್ವಿಚ್ಚು, ಪೆಟ್ಟಿಗೆಯ ಗುಂಡಿ, ಪರದೆಯ ಗುಂಡಿ. ಕುಳಿತು ಟೈಪು ಮಾಡಿದಳು, ನಿಧಾನವಾಗಿ, ಆದರೆ ತಪ್ಪಿಲ್ಲದೆ. ರಟ್ಟಿನ ಮೇಲೆ ಮಾಡಿದ ರೂಢಿ ಅದು. ಆಮೇಲೆ ಎಲ್ಲೋ ಏನೋ ತಾಗಿ ಬರೆದದ್ದೆಲ್ಲ ಪರದೆಯಿಂದ ಮಾಯವಾಯಿತು. ಅವಳು ಕೈಗಳನ್ನು ಕೀಬೋರ್ಡಿನಿಂದ ಮೇಲೆತ್ತಿ ಹಾಗೆಯೇ ಹಿಡಿದುಕೊಂಡಳು, ಬಿಸಿ ಹಂಚು ಮುಟ್ಟಿದವಳ ಹಾಗೆ. ನಾನು ಎರಡನೆಯ ಸಾಲಿನಲ್ಲಿದ್ದೆ. ಎರಡು ಗುಂಡಿ ಒಟ್ಟಿಗೆ ಒತ್ತಿದ್ದರೆ ಅದು ತಿರುಗಿ ಬರುತ್ತಿತ್ತು. ನನ್ನ ಬಾಯಿಂದ ಒಂದು ಮಾತು ಸಾಕಿತ್ತು. ಅವ್ವ ನೋಟ್‌ಬುಕ್ ತೆರೆದು ಒಂದೊಂದೇ ಪುಟ ತಿರುವಿ ಹುಡುಕಿದಳು. ಅಷ್ಟೂ ಹುಡುಗಿಯರು ಹಾಳೆ ತಿರುವುವ ಸದ್ದು ಕೇಳುತ್ತ ಕುಳಿತೆವು. ಈ ಸಲ ಯಾರೂ ನಗಲಿಲ್ಲ.

ಸಾಹೇಬರು ಜೇಬಿನಿಂದ ನನ್ನ ಪತ್ರ ತೆಗೆದು ಅವ್ವನ ಕೈಗೆ ಕೊಟ್ಟರು. ಅವಳು ಪೂರ್ತಿ ಓದಿ, ಮಡಿಚಿ, ಮರಳಿ ಕೊಟ್ಟಳು. ನನ್ನ ಕಡೆ ನೋಡಲಿಲ್ಲ.

ಆ ಸಂಜೆ ಸುದ್ದಿ ನಮಗಿಂತ ಮೊದಲೇ ಓಣಿಗೆ ಬಂದಿತ್ತು. ಅಪ್ಪ ಮಗ್ಗದ ಮನೆಯಿಂದ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಯಾರ ಬರದಿದ್ದು ಅದನ್ನ?"

"ಯಾರರ ಬರದಿರಲಿ. ಖರೆ ಬರದಾರ."

"ಏನಂದಿ?"

"ಖರೆ ಬರದಾರ ಅಂದೆ!" ಎಂದು ಅವ್ವ ಕೂಗಿದಳು. ಅಪ್ಪ ಮಗ್ಗದ ಕಡೆಗೆ ಹೊರಟುಹೋದ. ಊಟಕ್ಕೆ ಶೇಂಗಾ ಹಿಂಡಿ, ಪುಂಡಿಪಲ್ಯ ಇತ್ತು. ನಾನು ಯಾವತ್ತಿನ ಹಾಗೆ ಎರಡು ರೊಟ್ಟಿ ತಿಂದೆ.

ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ಅವ್ವ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ರವಿವಾರ ಅದು ಇದ್ದದ್ದೇ. ಬೈತಲೆ ತೆಗೆದು, ಅಂಗೈಯಲ್ಲಿ ಎಣ್ಣೆ ಹಾಕಿಕೊಂಡು ನಡುನೆತ್ತಿಗೆ ತಟ್ಟಿದಳು. ಜಡೆ ಅರ್ಧ ಆದ ಮೇಲೆ ಹೇಳಿದಳು:

"ಹದಿನಾಕ ಅದಾವು."

"ಏನು?"

"ಪುಟ. ಹನ್ನೆರಡಲ್ಲ, ಹದಿನಾಕ. ಕಡೀ ಎರಡ ಅಂಟಿಕೊಂಡಾವು, ಬಿಡಿಸಿ ನೋಡಿದ್ರ ಕಾಣತಾವು."

ಆ ನೋಟ್‌ಬುಕ್ ಶಾಲೆಯಲ್ಲಿ ಅವ್ವನ ಕೈ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಅದರ ಪುಟಗಳನ್ನು ಎಣಿಸಬಲ್ಲವರು ನಮ್ಮ ಮನೆಯಲ್ಲಿ ಮಾತ್ರ ಇದ್ದರು. ನಾನು ಹಿಂದೆ ತಿರುಗಲಿಲ್ಲ. ಅವಳು ಉಳಿದ ಜಡೆ ಹೆಣೆದು, ರಿಬ್ಬನ್ ಕಟ್ಟಿ, ಎಂದಿನಂತೆ ಬೆನ್ನ ಮೇಲೆ ಒಮ್ಮೆ ತಟ್ಟಿ, ಏಳು ಎಂದಳು. ಅಳು ಬರುತ್ತದೆ ಎಂದು ಕಾಯ್ದೆ. ಬರಲಿಲ್ಲ. ಒಳಗೆ ಹೋಗಿ ಬುತ್ತಿ ಕಟ್ಟಿಕೊಂಡು ಕಾಕಾನ ಅಂಗಡಿಗೆ ಹೋದೆ.

ಸೋಮವಾರ ಹೆಡ್‌ಮಾಸ್ತರು ನಮ್ಮ ತರಗತಿಗೆ ಬಂದರು. ವೈರಿನ ವಿಷಯದಲ್ಲಿ ಸಾಹೇಬರು ಅವರನ್ನೂ ಕೇಳಿದ್ದರು. ಅದು ಅವರಿಗೆ ತಾಗಿತ್ತು. ಬರೆದವರು ಎದ್ದು ನಿಲ್ಲದಿದ್ದರೆ ಈ ತರಗತಿಗೆ ಇನ್ನು ಲ್ಯಾಬೂ ಇಲ್ಲ, ಆಟವೂ ಇಲ್ಲ, ಪ್ರವಾಸವೂ ಇಲ್ಲ ಎಂದರು. ನನ್ನ ಪಕ್ಕದಲ್ಲಿ ಬೆಂಚು ಕಿರುಗುಟ್ಟಿತು.

"ನಾ ಬರದೇನ್ರಿ ಸರ್," ಎಂದಳು ಮಾಯವ್ವ.

ಅವಳೂ ನನ್ನ ಕಡೆ ನೋಡಲಿಲ್ಲ. ಅವಳಿಗೆ ಟೈಪು ಮಾಡಲು ಬರುವುದಿಲ್ಲ, ಬರೆದದ್ದು ಯಾವ ಯಂತ್ರದಲ್ಲಿ ಎಂದು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಹೆಡ್‌ಮಾಸ್ತರು ಕೇಳಲಿಲ್ಲ. ಅಪ್ಪನನ್ನು ಕರೆದುಕೊಂಡು ಬರುವ ತನಕ ಜಗಲಿಯಲ್ಲಿ ಕೂಡು ಎಂದರು. ಎರಡು ದಿನ ಮಾಯವ್ವ ಜಗಲಿಯ ಕಂಬಕ್ಕೆ ಒರಗಿ, ಒಳಗೆ ನಡೆಯುವ ಪಾಠವನ್ನು ಕಿಟಕಿಯಿಂದ ಕೇಳಿ ಬರೆದುಕೊಂಡಳು. ನಾನು ಕಿಟಕಿಯ ಪಕ್ಕದಲ್ಲಿಯೇ ಕುಳಿತಿದ್ದೆ. ಒಮ್ಮೆ ಅವಳ ಪೆನ್ನಿನ ಶಾಯಿ ಮುಗಿದಾಗ ನನ್ನದನ್ನು ಸರಳಿನ ಸಂದಿನಿಂದ ಕೊಟ್ಟೆ. ಅವಳು ತೆಗೆದುಕೊಂಡಳು.

ಮಂಗಳವಾರ ಸಂಜೆ ಅವ್ವ ಒಲೆಯ ಮುಂದೆ ಕುಳಿತು ನನ್ನನ್ನು ಕರೆದಳು. ಕರೆಂಟು ಹೋಗಿತ್ತು. ಮಗ್ಗಗಳು ನಿಂತಿದ್ದವು. ಹಾಗಾಗಿ ಅವಳು ಮೆಲ್ಲಗೇ ಮಾತಾಡಿದಳು.

"ನಾಳಿ ಆಕಿ ಅಪ್ಪ ಬರ್ತಾನ."

"ಹೂಂ."

"ನಿಂದೇನರ ಹೇಳೂದೈತೇನು?"

ಹೇಳುವುದಿತ್ತು. ಬಾಯಿ ತೆರೆದರೆ ಆಗುತ್ತಿತ್ತು. ಆದರೆ ಶನಿವಾರದಿಂದ ನನ್ನೊಳಗೆ ಏನೋ ಜಡವಾಗಿ ಕುಳಿತುಬಿಟ್ಟಿತ್ತು, ಬಹಳ ಹೊತ್ತು ಮಡಿಚಿ ಕುಳಿತ ಕಾಲಿನ ಹಾಗೆ. ಚಿವುಟಿದರೂ ತಿಳಿಯುತ್ತಿರಲಿಲ್ಲ.

"ಇಲ್ಲ," ಎಂದೆ.

ಅವ್ವ ತಲೆ ಆಡಿಸಿ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು.

ಬುಧವಾರ ಮಾಯವ್ವನ ಅಪ್ಪ ಬೀರಪ್ಪ ಬಂದ. ಹೆಗಲ ಮೇಲೆ ಕಂಬಳಿ, ತಲೆಗೆ ಹಳದಿ ರುಮಾಲು, ಚಪ್ಪಲಿ ಗೇಟಿನ ಹೊರಗೇ ಬಿಟ್ಟಿದ್ದ. ನಾನು ತರಗತಿಯ ಲೀಡರ್. ಹಾಜರಿ ಪುಸ್ತಕ ಕೊಡಲು ಹೆಡ್‌ಮಾಸ್ತರರ ಕೋಣೆಗೆ ಹೋದಾಗ ಬೀರಪ್ಪ ಮೇಜಿನ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದ. ಪಕ್ಕದಲ್ಲಿ ಮಾಯವ್ವ. ಟೀಚರುಗಳ ಮೇಲೆ ದೂರು ಬರೆಯುವ ಹುಡುಗಿಯನ್ನು ಈ ಶಾಲೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ, ದಾಖಲೆ ತೆಗೆದುಕೊಂಡು ಹೋಗಿ ಎಂದು ಹೆಡ್‌ಮಾಸ್ತರು ಹೇಳುತ್ತಿದ್ದರು. ಆಗ ಅವ್ವ ಒಳಗೆ ಬಂದಳು. ಕೊರಳಲ್ಲಿ ಅಳತೆ ಪಟ್ಟಿ ಹಾಗೇ ಇತ್ತು.

"ಸರ್, ಆ ಹುಡುಗಿ ಬರದಿಲ್ರಿ. ಅದನ್ನ ನಾ ಬರಸೇನಿ."

ಹೆಡ್‌ಮಾಸ್ತರು ಕನ್ನಡಕ ತೆಗೆದರು.

"ನಿಮ್ಮ ಮ್ಯಾಲ ನೀವ ತಕರಾರ ಬರಸ್ತೀರೇನ್ರಿ?"

"ಹೌದ್ರಿ. ನನಗ ಇದು ಆಗಂಗಿಲ್ಲ, ಬರೂವಂಥಾವರನ್ನ ಹಾಕ್ರಿ ಅಂತ ನಿಮಗ ಮೂರ ಸಲ ಬಂದು ಹೇಳೇನಿ. ಒಂದ ಸಲ ಬರದೂ ಕೊಟ್ಟೇನಿ. ಕೀಲಿ ನೀವು ತಿರಗಿ ತಗೋಳಿಲ್ಲ. ಈ ಹುಡುಗ್ಯಾರ ಎರಡ ವರ್ಸ ನನ್ನ ಕೈಯಾಗ ಹಾಳಾದುವು. ಮತ್ತ ನಾ ಏನ ಮಾಡ್ಬೇಕಿತ್ರಿ?"

ಮೂರು ಸಲ. ಅದು ನನಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ ಉಂಡು, ಒಂದೇ ದಾರಿಯಲ್ಲಿ ದಿನಾ ನಡೆದು ಬಂದರೂ ಗೊತ್ತಿರಲಿಲ್ಲ. ಬೀರಪ್ಪ ಏನೂ ತಿಳಿಯದೆ ಇಬ್ಬರ ಮುಖವನ್ನೂ ನೋಡಿದ.

"ಅಕ್ಕೋರ, ಹಂಗಾದ್ರ ನಮ್ಮ ಹುಡುಗಿ ಸುಳ್ಳ ಹೇಳಿತೇನ್ರಿ?"

"ಆಕಿ ಸುಳ್ಳ ಹೇಳೂಕಿ ಅಲ್ಲ ಅಣ್ಣಾರ. ನನ್ನ ಹೆಸರ ಹೊರಗ ಬರಬಾರ್ದಂತ ತನ್ನ ಮ್ಯಾಲ ಹಾಕ್ಕೊಂಡಾಳ. ಆಕಿನ್ನ ಸಾಲಿ ಬಿಡಸಬ್ಯಾಡ್ರಿ."

ಮಾಯವ್ವ ಆಗ ನನ್ನನ್ನು ನೋಡಿದಳು. ನಾನು ಹಾಜರಿ ಪುಸ್ತಕವನ್ನು ಮೇಜಿನ ಅಂಚಿಗೆ ಇಟ್ಟು ಹೊರಗೆ ಬಂದೆ.

ಮಾಯವ್ವ ತರಗತಿಗೆ ಮರಳಿದಳು, ಆದರೆ ನನ್ನ ಪಕ್ಕಕ್ಕಲ್ಲ, ಗೋಡೆಯ ಕಡೆಯ ಬೆಂಚಿಗೆ. ಹತ್ತನೆಯ ತರಗತಿ ಮುಗಿಯುವ ತನಕ ನಾವು ಮಾತಾಡಿದ್ದು ಕಡಿಮೆ. ಅವಳು ಒಳ್ಳೆಯ ಅಂಕ ತೆಗೆದು ಜಮಖಂಡಿಯ ಕಾಲೇಜಿಗೆ ಹೋದಳು. ಮುಂದಿನದು ನನಗೆ ತಿಳಿಯದು. ಕೇಳಿದರೆ ಹೇಳುವವರು ಊರಿನಲ್ಲಿದ್ದಾರೆ. ನಾನು ಕೇಳಿಲ್ಲ. ಲ್ಯಾಬಿಗೆ ಬೀಗ ಬಿತ್ತು. ಕಂಪ್ಯೂಟರ್ ಬಲ್ಲ ಟೀಚರ್ ಬರುವ ತನಕ ಎಂದಿದ್ದರು. ನಾನು ಶಾಲೆ ಬಿಡುವ ತನಕ ಯಾರೂ ಬರಲಿಲ್ಲ. ಕಿಟಕಿಯ ಸಂದಿನಿಂದ ಇಣುಕಿದರೆ ಅವ್ವ ಹೊಲಿದ ಮುಸುಕುಗಳ ಮೇಲೆ ಧೂಳು ಕಾಣುತ್ತಿತ್ತು. ದೂರು ಬರೆದು ನಾವು ಪಡೆದದ್ದು ಇಷ್ಟು. ಮೊದಲು ಹತ್ತು ನಿಮಿಷವಾದರೂ ಇತ್ತು, ಈಗ ಅದೂ ಇಲ್ಲ. ಹುಡುಗಿಯರು ಆ ಸಿಟ್ಟನ್ನು ಹೊಲಿಗೆ ಟೀಚರ್ ಮೇಲೆಯೇ ತೀರಿಸಿಕೊಂಡರು.

ಅವ್ವನಿಗೆ ಆದೇಶ ಬಂತು. ಮೇಲಿನವರಿಗೆ ನೇರ ಬರೆಸಿದ್ದಕ್ಕೆ ಒಂದು ಎಚ್ಚರಿಕೆ, ಜೊತೆಗೆ ಬೀಳಗಿ ಕಡೆಯ ಒಂದು ಹೈಸ್ಕೂಲಿಗೆ ಹೋಗಬೇಕೆಂದು. ಬನಹಟ್ಟಿಯಿಂದ ಜಮಖಂಡಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಅಪ್ಪ ಆದೇಶದ ಕಾಗದವನ್ನು ಓದಿ, ಮಡಿಚಿ ದೇವರ ಮಾಡದಲ್ಲಿಟ್ಟ. ಆಯಿ ಮಾತ್ರ, ಸೊಸೆ ಊರೂರು ತಿರುಗುವ ಹಾಗಾಯಿತಲ್ಲ ಎಂದು, ಜೀವಮಾನದಲ್ಲಿ ಮೊದಲ ಸಲ ಅವ್ವನ ಪರವಾಗಿ ಅತ್ತಳು. ಯಾಕೆ ಬರೆಸಿದೆ ಎಂದು ಅವ್ವನನ್ನು ಮನೆಯಲ್ಲಿ ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ನಾನು ಎದುರಿಗೇ ಇರುತ್ತಿದ್ದೆ. ಒಂದು ಬೈಗುಳ ಬಂದಿದ್ದರೆ, ಒಂದು ಏಟು ಬಿದ್ದಿದ್ದರೆ ಅದು ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಈಗ ನನಗೆ ಅವ್ವನ ಆಗಿನ ವಯಸ್ಸು. ಯಾರಾದರೂ ನನ್ನೆದುರು ಅತ್ತರೆ ಏನು ಮಾಡಬೇಕೆಂದು ತಿಳಿಯದೆ ಕೈಗೆ ಸಿಕ್ಕ ಕೆಲಸ ಹಿಡಿಯುತ್ತೇನೆ. ಅದನ್ನು ಕಲಿತದ್ದು ಆ ವರ್ಷ.

ಅವ್ವ ಮೊದಲ ದಿನ ಹೊಸ ಶಾಲೆಗೆ ಹೋದಾಗ ಅಡುಗೆ ನನ್ನ ಪಾಲಿಗೆ ಬಂತು. ಮೊದಲ ಸಲ ನಾನೇ ರೊಟ್ಟಿ ಬಡಿದೆ. ಒಂದೂ ದುಂಡಗಾಗಲಿಲ್ಲ, ಎರಡು ಹರಿದವು. ದೀಪ ಹಚ್ಚುವ ಹೊತ್ತಿಗೆ ಅವ್ವ ಬಂದಳು. ಕಾಲು ತೊಳೆದು, ಬಸ್ಸಿನ ಧೂಳಿನ ಸೀರೆಯಲ್ಲಿಯೇ ನನ್ನ ಮುಂದೆ ಕುಳಿತಳು. ನಾನು ತಾಟು ಇಟ್ಟೆ. ಅವಳು ಹರಿದ ರೊಟ್ಟಿಯನ್ನೇ ಆರಿಸಿ ತೆಗೆದುಕೊಂಡು, ಎಣಗಾಯಿ ಹಚ್ಚಿ ಎರಡು ತುತ್ತು ತಿಂದಳು. ಸಾಲಿ ಹೇಗಿದೆ ಎಂದು ಆಯಿ ಕೂಗಿ ಕೇಳಿದಳು.

"ಛಲೋ ಐತ್ರಿ ಅತ್ತಿ. ಅಲ್ಲೂ ನಾಕ ಕಂಪ್ಯೂಟರ್ ಅದಾವು, ಪೆಟಗಿ ಒಡದಿಲ್ಲ. ಹೋದ ಕೂಡ್ಲೆ ಹೆಡ್‌ಮಾಸ್ತರ್ ಕೇಳಿದ್ರು, ನಿಮಗ ಕಂಪ್ಯೂಟರ್ ಬರ್ತೈತೇನ್ರಿ ಅಂತ."

"ನೀ ಏನಂದಿ?"

"ನನಗ ಬರಂಗಿಲ್ರಿ, ನನ್ನ ಮಗಳಿಗಿ ಬರ್ತೈತಿ ಅಂದೆ."

ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ನಾನು ಬಹಳ ಹುಡುಕಿದೆ, ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಇನ್ನೊಂದ ಹಾಕ್ಲ್ಯಾ?" ಎಂದು ಕೇಳಿದೆ.

"ಅರ್ಧಾ ಹಾಕು," ಎಂದಳು ಅವ್ವ.

ನಾನು ರೊಟ್ಟಿ ಮುರಿದು ಅರ್ಧ ಹಾಕಿದೆ.